ಓದುಗರ ಪ್ರಶ್ನೆಗೆ ಉತ್ತರ: ಅಂಕಪಟ್ಟಿಯಲ್ಲಿ ಕಾಣದ ಗಳಿಕೆ

ಶಾಲೆಗಳು ಆರಂಭವಾಗುವ ಹೊತ್ತಿಗೆ ಎಲ್‌ಕೆಜಿ, ಅಂಗನವಾಡಿ, ಡೊನೇಷನ್ ಕುರಿತ ಪತ್ರಗಳು ಪ್ರತಿವರ್ಷವೂ ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಐದನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಆರು ವರ್ಷದೊಳಗಿನ ಮಗುವಿಗಾಗಿ ನಾವು ಇಂದು ವ್ಯಯಿಸುವ ಹಣ, ಹೊತ್ತು, ಶ್ರಮ ಮುಂದೆ ಉಳಿಯುತ್ತದೆಯೇ, ಉಳಿದರೆ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದೇ ಐದೂ ಪತ್ರಗಳ ಹಿಂದಿರುವ ಪ್ರಶ್ನೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ನಮ್ಮೂರ ಅಂಗನವಾಡಿಗೆ ಹೋಗುತ್ತಾಳೆ. ಪಕ್ಕದ ಮನೆಯ ಹುಡುಗ ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾನೆ. ಎ ಬಿ ಸಿ ಡಿ ಪೂರ್ತಿ ಬರೆಯುತ್ತಾನೆ, ನೂರರವರೆಗೆ ಒಪ್ಪಿಸುತ್ತಾನೆ. ನನ್ನ ಮಗಳು ಹಾಡು ಹೇಳುತ್ತಾಳೆ, ಕಥೆ ಹೇಳುತ್ತಾಳೆ, ಆದರೆ ಬರೆಯುವುದಿಲ್ಲ. ಸಾಲ ಮಾಡಿಯಾದರೂ ಅವಳನ್ನು ಅಲ್ಲಿಗೆ ಸೇರಿಸಬೇಕೇ?
(ಒಬ್ಬ ತಾಯಿ, ತಿಪಟೂರು ತಾಲ್ಲೂಕು)

ಉತ್ತರ: ಸಾಲ ಮಾಡಬೇಡಿ ತಾಯಿ. ಮಗಳು ಕಥೆ ಹೇಳುತ್ತಾಳೆ ಎಂಬುದನ್ನು ನೀವು ಒಂದು ಕೊರತೆಯ ಪಕ್ಕದಲ್ಲಿಟ್ಟು ಬರೆದಿದ್ದೀರಿ. ನಾಲ್ಕು ವರ್ಷದ ಮಗು ತಾನು ಕೇಳಿದ ಕಥೆಯನ್ನು ತನ್ನದೇ ಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳುತ್ತದೆ ಎಂದರೆ, ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ, ಯಾರು ಏಕೆ ಹಾಗೆ ಮಾಡಿದರು ಎಂಬುದನ್ನೆಲ್ಲ ಅದು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿದೆ ಎಂದರ್ಥ. ಮೂರನೇ, ನಾಲ್ಕನೇ ತರಗತಿಯಲ್ಲಿ ಪಾಠವನ್ನು ಓದಿ ಅರ್ಥ ಮಾಡಿಕೊಳ್ಳುವಾಗ ಬೇಕಾಗುವುದು ಇದೇ ಶಕ್ತಿ. ನೂರರವರೆಗೆ ಒಪ್ಪಿಸುವುದು ಬೇರೆ. ತಟ್ಟೆಯಲ್ಲಿರುವ ಐದು ಕಡಲೆಬೀಜದಲ್ಲಿ ಎರಡನ್ನು ತಿಂದರೆ ಮೂರು ಉಳಿಯುತ್ತವೆ ಎಂದು ತಿಳಿಯುವುದು ಬೇರೆ.

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಅವರೆಕಾಯಿ ಕಾಲದಲ್ಲಿ ನಾನು ಕಂಡದ್ದನ್ನು ನಿಮಗೆ ಹೇಳಬೇಕು. ಜಗುಲಿಯ ಮೇಲೆ ಅಜ್ಜಿಯೊಬ್ಬರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ಸುಲಿಯುತ್ತಿದ್ದರು. ಬಿಡಿಸುವ ಮುನ್ನ ಒಂದೊಂದು ಕಾಯಿಯನ್ನೂ ಮಗುವಿನ ಕೈಗೆ ಕೊಟ್ಟು, "ಮುಟ್ಟಿ ನೋಡವ್ವ, ಒಳಗೆ ಎಷ್ಟು ಕಾಳವೆ?" ಎನ್ನುತ್ತಿದ್ದರು. ಮಗು ಸಿಪ್ಪೆಯ ಮೇಲಿನಿಂದಲೇ ಉಬ್ಬುಗಳನ್ನು ಬೆರಳಿನಿಂದ ಒತ್ತಿ, "ಮೂರು" ಎಂದಿತು. ಬಿಡಿಸಿದರೆ ನಾಲ್ಕಿದ್ದವು. "ಅಯ್ಯೋ, ಇನ್ನೊಂದು ಎಲ್ಲಿ ಅಡಗಿ ಕೂತಿತ್ತು?" ಎಂದು ಅಜ್ಜಿ ಕೇಳಿದರು, ಮಗು ಖಾಲಿ ಸಿಪ್ಪೆಯನ್ನು ತಿರುಗಿಸಿ ನೋಡಿ, ತುದಿಯಲ್ಲಿದ್ದ ಚಿಕ್ಕ ಗುಳಿಯನ್ನು ತೋರಿಸಿತು. ಮುಂದಿನ ಕಾಯಿಗೆ ಅದು ಉತ್ತರ ಹೇಳುವ ಮೊದಲು ತುದಿಯವರೆಗೂ ಬೆರಳಾಡಿಸಿತು. ಊಹಿಸುವುದು, ತಪ್ಪಿದ್ದನ್ನು ಕಾಣುವುದು, ತಪ್ಪಿಗೆ ಹೆದರದೆ ವಿಧಾನವನ್ನು ಬದಲಿಸಿಕೊಳ್ಳುವುದು, ಎಲ್ಲವೂ ಆ ಎರಡು ನಿಮಿಷದಲ್ಲಿ ನಡೆದುಹೋಯಿತು. ಮಗುವಿನ ಮಾತಿಗೆ ಮರುಮಾತು, ಅದರ ನೋಟಕ್ಕೆ ಉತ್ತರ: ಚಿಕ್ಕ ಮಗುವಿನ ಮಿದುಳು ಬೆಳೆಯುವುದು ಇಂಥ ಕೊಡುಕೊಳ್ಳುವಿಕೆಯಿಂದಲೇ ಎಂಬುದನ್ನು ಈ ಕ್ಷೇತ್ರದ ತಜ್ಞರು ಒಮ್ಮತದಿಂದ ಹೇಳುತ್ತಾರೆ.

ಅಂಗನವಾಡಿ ಎಂಬ ಕಾರಣಕ್ಕೇ ಎಲ್ಲವೂ ಸರಿಯಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ದಿನ ಬೆಳಗ್ಗೆ ಹೋಗಿ ಅರ್ಧ ಗಂಟೆ ಕುಳಿತು ನೋಡಿ. ಕಾರ್ಯಕರ್ತೆ ಮಕ್ಕಳೊಡನೆ ಮಾತಾಡುತ್ತಾರೆಯೇ, ಮಕ್ಕಳು ಅವರನ್ನು ಪ್ರಶ್ನೆ ಕೇಳುತ್ತಾರೆಯೇ, ಕೈಗೆ ಸಿಗುವಂತೆ ಆಟದ ಸಾಮಾನು ಇದೆಯೇ ಎಂಬುದನ್ನು ಗಮನಿಸಿ. ಇಲ್ಲವಾದರೆ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಅದನ್ನು ಕೇಳುವ ಹಕ್ಕು ನಿಮಗಿದೆ. ಕಾನ್ವೆಂಟನ್ನೂ ಇದೇ ಮೂರು ಪ್ರಶ್ನೆಗಳಿಂದ ಅಳೆಯಿರಿ.

ಪ್ರಶ್ನೆ: ಅಮೆರಿಕದ ಹೆಡ್ ಸ್ಟಾರ್ಟ್‌ನಂಥ ಪೂರ್ವಪ್ರಾಥಮಿಕ ಕಾರ್ಯಕ್ರಮಗಳಿಂದ ಮಕ್ಕಳಿಗೆ ಆಗುವ ಲಾಭ ಎರಡು ಮೂರು ವರ್ಷಗಳಲ್ಲೇ ಕರಗಿಹೋಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಇದಕ್ಕೆ ತೆರಿಗೆ ಹಣ ಹಾಕುವುದಕ್ಕಿಂತ ಪ್ರಾಥಮಿಕ ಶಾಲೆಗಳಿಗೆ ಹಾಕುವುದೇ ಲೇಸಲ್ಲವೇ?
(ಒಬ್ಬ ಓದುಗ, ಬೆಂಗಳೂರು)

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಹೆಡ್ ಸ್ಟಾರ್ಟ್ 1965ರಲ್ಲಿ, ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಬಡ ಕುಟುಂಬಗಳ ಮಕ್ಕಳಿಗಾಗಿ ಆರಂಭವಾದ ಕಾರ್ಯಕ್ರಮ. 2002ರಲ್ಲಿ ಅರ್ಜಿ ಹಾಕಿದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪ್ರವೇಶ ಕೊಟ್ಟು ಹೋಲಿಸಲು ಆರಂಭಿಸಿದರು. ವರ್ಷದ ಕೊನೆಗೆ ಕಂಡ ಮುನ್ನಡೆ ಮೂರನೇ ತರಗತಿಯ ಹೊತ್ತಿಗೆ ಬಹುಮಟ್ಟಿಗೆ ಇಲ್ಲವಾಗಿತ್ತು. ಆದರೆ ಕರಗಿದ್ದು ಯಾವುದು, ಅಳೆಯದೆ ಬಿಟ್ಟದ್ದು ಯಾವುದು ಎಂಬುದನ್ನು ಕೇಳದೆ ಇಲ್ಲಿಂದ ತೀರ್ಮಾನಕ್ಕೆ ಹಾರುವುದು ಸರಿಯಲ್ಲ. ಇದಕ್ಕೆ ನಾವು ಇನ್ನೂ ಹಿಂದೆ, 1962ಕ್ಕೆ ಹೋಗಬೇಕು.

ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ಗೆ ಹತ್ತಿರದ ಇಪ್ಸಿಲಾಂಟಿ ಎಂಬ ಸಣ್ಣ ಊರಿನ ಪೆರಿ ಶಾಲೆಯಲ್ಲಿ ಡೇವಿಡ್ ವೀಕಾರ್ಟ್ ಎಂಬವರು ಒಂದು ಪ್ರಯೋಗ ಆರಂಭಿಸಿದರು. ಬಡ ಕಪ್ಪು ಕುಟುಂಬಗಳ 123 ಮಕ್ಕಳು. ಅವರಲ್ಲಿ 58 ಮಂದಿಗೆ ಪೂರ್ವಪ್ರಾಥಮಿಕ ಶಿಕ್ಷಣ, 65 ಮಂದಿ ಹೋಲಿಕೆಯ ಗುಂಪು. ದಿನಕ್ಕೆ ಎರಡೂವರೆ ಗಂಟೆಯ ತರಗತಿ, ಅದರ ಜೊತೆಗೆ ವಾರಕ್ಕೊಮ್ಮೆ ಶಿಕ್ಷಕಿ ಮನೆಗೇ ಹೋಗಿ ತಾಯಿ ಮಗುವಿನ ಜೊತೆ ಕುಳಿತುಕೊಳ್ಳುತ್ತಿದ್ದರು. ಬೆಳಗ್ಗೆ ಬಂದ ಮಗು ತಾನು ಇಂದು ಏನು ಮಾಡುತ್ತೇನೆ ಎಂದು ಮೊದಲು ಹೇಳಬೇಕಿತ್ತು. ಆಮೇಲೆ ಅದನ್ನು ಮಾಡಬೇಕಿತ್ತು. ಕೊನೆಗೆ ಏನಾಯಿತು ಎಂದು ಎಲ್ಲರೆದುರು ಹೇಳಬೇಕಿತ್ತು. ಈ ಮಕ್ಕಳ ಬುದ್ಧಿಮಾಪನ ಅಂಕ ಮೊದಲು ಚೆನ್ನಾಗಿ ಏರಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪುಗಳ ಅಂಕ ಸರಿಸಮವಾಯಿತು. ಅಧ್ಯಯನ ಅಲ್ಲಿಗೇ ನಿಂತಿದ್ದರೆ, ನಿಮ್ಮ ಪತ್ರದಲ್ಲಿರುವ ತೀರ್ಮಾನವೇ ಕೊನೆಯ ಮಾತಾಗುತ್ತಿತ್ತು.

ಅಧ್ಯಯನಕಾರರು ನಿಲ್ಲಿಸಲಿಲ್ಲ. ಆ ಮಕ್ಕಳಿಗೆ ನಲವತ್ತು ವರ್ಷವಾದಾಗ ಮತ್ತೆ ಹೋಗಿ ನೋಡಿದರು. ಶಿಕ್ಷಣ ಪಡೆದ ಗುಂಪಿನಲ್ಲಿ ಉದ್ಯೋಗದಲ್ಲಿದ್ದವರು ಶೇ 76. ಇನ್ನೊಂದು ಗುಂಪಿನಲ್ಲಿ ಶೇ 62. ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಪೊಲೀಸರಿಂದ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇ 36. ಎರಡನೆಯದರಲ್ಲಿ ಶೇ 55. ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಹಾಕಿದ ಹಣಕ್ಕೆ ಸಮಾಜಕ್ಕೆ ಬಂದ ಪ್ರತಿಫಲ ವರ್ಷಕ್ಕೆ ಶೇ 7ರಿಂದ 10 ಎಂದು ಅಂದಾಜು ಮಾಡಿದರು. ಬುದ್ಧಿಮಾಪನ ಅಂಕ ಸಮವಾಗಿದ್ದೂ ಬದುಕು ಏಕೆ ಬೇರೆಯಾಯಿತು ಎಂಬುದಕ್ಕೆ ಅವರು ಕೊಟ್ಟ ವಿವರಣೆ ಇದು: ಮಗುವಿನಲ್ಲಿ ಉಳಿದದ್ದು ಕೋಪವನ್ನು ತಡೆದುಕೊಳ್ಳುವ, ಹಿಡಿದ ಕೆಲಸವನ್ನು ಬಿಡದ, ಕಲಿಯುವ ಆಸೆಯನ್ನು ಕಳೆದುಕೊಳ್ಳದ ಗುಣ. ಯಾವ ಅಂಕಪಟ್ಟಿಯೂ ಅದನ್ನು ಬರೆದಿಡುವುದಿಲ್ಲ. ಇನ್ನೂ ಮುಂದುವರಿದು, ಪೆರಿ ಶಾಲೆಯಲ್ಲಿ ಹಾಗೆ ಕಲಿತವರ ಮಕ್ಕಳಲ್ಲಿಯೂ ಒಳಿತು ಕಾಣಿಸಿತೆಂದು 2019ರಲ್ಲಿ ವರದಿಯಾಯಿತು.

ಹೆಡ್ ಸ್ಟಾರ್ಟ್ ಬಗ್ಗೆಯೂ ಇಂಥದೇ ಸಾಕ್ಷ್ಯ ಇದೆ. ಒಂದೇ ಮನೆಯ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಅಲ್ಲಿಗೆ ಹೋದವರನ್ನೂ ಹೋಗದವರನ್ನೂ ಹೋಲಿಸಿ ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯ ಅಂಕಗಳ ಲಾಭ ಸಣ್ಣದಾಗುತ್ತ ಹೋದರೂ ಪ್ರಾಯಕ್ಕೆ ಬಂದಾಗ ಶಾಲೆ ಮುಗಿಸಿದ್ದರಲ್ಲಿ, ಆರೋಗ್ಯದಲ್ಲಿ, ಕೆಲಸ ಹಿಡಿಯುವುದರಲ್ಲಿ ಮೊದಲಿನವರು ಮುಂದಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 123 ಮಕ್ಕಳು ಒಂದೂರಿನವರು. ಅಷ್ಟು ಸಣ್ಣ ಸಂಖ್ಯೆಯಿಂದ ಲೋಕಕ್ಕೆಲ್ಲ ಸೂತ್ರ ಬರೆಯಲಾಗದು. ಟೆನೆಸಿ ರಾಜ್ಯ ನಡೆಸಿದ ಪೂರ್ವಪ್ರಾಥಮಿಕ ಕಾರ್ಯಕ್ರಮದ ಫಲಿತಾಂಶ 2022ರಲ್ಲಿ ಬಂದಾಗ ಅನೇಕರಿಗೆ ಆಘಾತವಾಯಿತು: ಆರನೇ ತರಗತಿಗೆ ಬರುವಷ್ಟರಲ್ಲಿ, ಅದರಲ್ಲಿ ಓದಿದ ಮಕ್ಕಳು ಓದದವರಿಗಿಂತ ಅಂಕಗಳಲ್ಲಿ ಹಿಂದಿದ್ದರು, ಶಿಸ್ತಿನ ದೂರುಗಳೂ ಅವರ ಮೇಲೆ ಹೆಚ್ಚಿದ್ದವು. ಮಕ್ಕಳು ಅಕ್ಷರ, ಅಂಕಿಗಳಲ್ಲಿ ಮುಂದೆ ಬಂದೇ ಅಲ್ಲಿಂದ ಹೊರಟಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಪುಟ್ಟ ಮಕ್ಕಳನ್ನು ಸಾಲಾಗಿ ಕೂರಿಸಿ ಒಂದೇ ಪಾಠವನ್ನು ಎಲ್ಲರಿಗೂ ಹೇಳುವ ತರಗತಿ ಮತ್ತು 'ಇಂದು ನೀನು ಏನು ಮಾಡುತ್ತೀಯ ಮಗು?' ಎಂದು ಕೇಳುವ ತರಗತಿ, ಎರಡಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ನನ್ನ ದೃಷ್ಟಿಯಲ್ಲಿ ಇವು ಎರಡು ಬೇರೆಯೇ ವಸ್ತುಗಳು, ಮತ್ತು ನಮ್ಮ ನಗರಗಳ ಅನೇಕ ಎಲ್‌ಕೆಜಿಗಳು ಮೊದಲನೆಯದಕ್ಕೆ ಹತ್ತಿರವಾಗಿವೆ ಎಂಬುದು ನನಗೆ ಆತಂಕದ ವಿಷಯ.

ಪ್ರಾಥಮಿಕ ಶಾಲೆಗೆ ಹಣ ಹಾಕುವುದೇ ಲೇಸಲ್ಲವೇ ಎಂದಿರಿ. ಒಂದನ್ನು ಬಿಟ್ಟು ಇನ್ನೊಂದು ಎಂಬಂತೆ ಈ ಲೆಕ್ಕ ನಡೆಯುವುದಿಲ್ಲ. ಚೆನ್ನಾಗಿ ಉತ್ತ ಹೊಲಕ್ಕೆ ಹಾಕಿದ ಗೊಬ್ಬರ ಹೆಚ್ಚು ಫಲ ಕೊಡುವಂತೆ, ಮೊದಲ ಐದು ವರ್ಷ ಚೆನ್ನಾಗಿ ಬೆಳೆದ ಮಗುವಿಗೆ ಶಾಲೆ ಹೆಚ್ಚು ದಕ್ಕುತ್ತದೆ. ಶಾಲೆ ಕಳಪೆಯಾಗಿದ್ದರೆ ಮೊದಲಿನ ಉಳುಮೆಯೂ ಬಹುಪಾಲು ವ್ಯರ್ಥವಾಗುತ್ತದೆ.

ಪ್ರಶ್ನೆ: ನನಗೆ ಏಳು ವರ್ಷದ ಮಗ, ಮೂರು ವರ್ಷದ ಮಗಳು. ಇರುವುದು ಎರಡು ಎಕರೆ. ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದೇವೆ, ಟ್ಯೂಷನ್ ಕೂಡ ಇದೆ. ಮಗಳಿಗೆ ಉಳಿಯುವುದು ಕಡಿಮೆ. ಇದು ತಪ್ಪು ಎಂದು ಹೆಂಡತಿ ಹೇಳುತ್ತಾಳೆ.
(ಒಬ್ಬ ರೈತ, ಗೋಕಾಕ ತಾಲ್ಲೂಕು)

ಉತ್ತರ: ನಿಮ್ಮ ಮನೆಯವರು ಹೇಳುವುದು ಸರಿ. ಮನೆಯ ಪರಿಸ್ಥಿತಿಯನ್ನು ಮುಚ್ಚಿಡದೆ ಬರೆದಿದ್ದೀರಿ, ಆದ್ದರಿಂದ ನಾನೂ ಸುತ್ತಿ ಬಳಸದೆ ಹೇಳುತ್ತೇನೆ.

ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು 2017ರಲ್ಲಿ ಪ್ರಕಟಿಸಿದ ಸಂಶೋಧನೆ ನಮ್ಮ ದೇಶದ ಮನೆಗಳ ಒಳಗನ್ನೇ ತೋರಿಸುತ್ತದೆ. ಭಾರತದ ಮಕ್ಕಳು ಆಫ್ರಿಕಾದ ಬಡ ದೇಶಗಳ ಮಕ್ಕಳಿಗಿಂತ ಕುಳ್ಳಗಿರುವುದು ಏಕೆ ಎಂದು ಅವರು ಹುಡುಕುತ್ತ ಹೋದರು. ಮೊದಲು ಹುಟ್ಟಿದ ಗಂಡುಮಕ್ಕಳಲ್ಲಿ ಆ ಕೊರತೆ ಕಾಣಲಿಲ್ಲ. ಆಮೇಲೆ ಹುಟ್ಟಿದವರಲ್ಲಿ ಕೊರತೆ ಕಾಣಿಸಿಕೊಂಡು, ಜನನದ ಕ್ರಮ ಮುಂದೆ ಹೋದಂತೆ ಹೆಚ್ಚುತ್ತ ಹೋಯಿತು. ಹಿರಿಯ ಮಗನಿಗೆ ಮನೆಯ ಗಮನ ಮತ್ತು ಸಂಪನ್ಮೂಲ ಮೊದಲು ಸಲ್ಲುವುದೇ ಇದಕ್ಕೆ ಮುಖ್ಯ ಕಾರಣ ಎಂಬುದು ಅವರ ವಾದ. ಮಗಳಿಗೆ ಕಡಿಮೆ ಬಡಿಸಬೇಕೆಂದು ಯಾವ ತಂದೆಯೂ ಲೆಕ್ಕ ಹಾಕಿ ಕೂರುವುದಿಲ್ಲ. ಮೊಟ್ಟೆ ಒಂದೇ ಇದ್ದ ದಿನ ಅದು ಯಾರ ತಟ್ಟೆಗೆ ಬಿತ್ತು, ಸಂಜೆ ಹೊಲದಿಂದ ಬಂದಾಗ ಯಾರನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿದಿರಿ, ಜ್ವರ ಬಂದಾಗ ಯಾರನ್ನು ಅದೇ ದಿನ ದವಾಖಾನೆಗೆ ಕರೆದೊಯ್ದಿರಿ ಎಂಬ ಸಣ್ಣ ಸಣ್ಣ ನಿರ್ಧಾರಗಳೇ ವರ್ಷಗಳಲ್ಲಿ ಕೂಡಿ ಎತ್ತರವಾಗುತ್ತವೆ, ತೂಕವಾಗುತ್ತವೆ, ಕಲಿಕೆಯಾಗುತ್ತವೆ.

ಮಗನ ಟ್ಯೂಷನ್ ಬಿಡಿಸಿ ಎಂದು ಒತ್ತಾಯಿಸಲಾರೆ, ಆದರೆ ಏಳು ವರ್ಷದ ಹುಡುಗನಿಗೆ ಅದು ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ಆ ಹಣದಲ್ಲಿ ಇಬ್ಬರಿಗೂ ದಿನವೂ ಮೊಟ್ಟೆ, ಹಾಲು, ಹಣ್ಣು ಬರುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿ. ಮೂರು ವರ್ಷದ ಮಗಳಿಗೆ ಈಗ ಬೇಕಾಗಿರುವುದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಿಲ್ಲ. ನಿಮ್ಮ ಹೊತ್ತು ಬೇಕು. ಅಣ್ಣ ಶಾಲೆಯಲ್ಲಿ ಕಲಿತದ್ದನ್ನು ತಂಗಿಗೆ ಹೇಳಿಕೊಡುವಂತೆ ಮಾಡಿ. ಹೇಳಿಕೊಡುವವನಿಗೂ ಅದು ಗಟ್ಟಿಯಾಗುತ್ತದೆ.

ಪ್ರಶ್ನೆ: ಕೂಲಿಗೆಂದು ನಾವು ಊರು ಬಿಟ್ಟಿದ್ದೆವು. ಮಗ ಐದು ವರ್ಷ ಅಜ್ಜಿಯ ಹತ್ತಿರವೇ ಬೆಳೆದ. ಈಗ ಎಂಟು ತುಂಬಿದೆ, ನಮ್ಮ ಜೊತೆಗಿದ್ದಾನೆ. ಮೊದಲ ವರ್ಷಗಳೇ ಮುಖ್ಯ ಎನ್ನುತ್ತಾರೆ. ಕಾಲ ಮೀರಿಹೋಯಿತೇ?
(ಒಬ್ಬ ತಾಯಿ, ಕಲಬುರಗಿ ಜಿಲ್ಲೆ)

ಉತ್ತರ: ಮೀರಿಲ್ಲ. ಈ ಭಯಕ್ಕೆ ಆಧಾರವಾಗಿ ಜನ ಸಾಮಾನ್ಯವಾಗಿ ಹೇಳುವುದು ರೊಮೇನಿಯಾದ ಬುಕಾರೆಸ್ಟ್‌ನ ಅನಾಥಾಲಯಗಳ ಮಕ್ಕಳ ಅಧ್ಯಯನವನ್ನು. ಅಲ್ಲಿ ಎರಡು ವರ್ಷ ತುಂಬುವ ಮೊದಲು ಸಾಕುಮನೆ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು ಎಂಬುದು ನಿಜ. ಆದರೆ ಆ ಮಕ್ಕಳನ್ನು ಎತ್ತಿಕೊಳ್ಳಲು, ಹೆಸರು ಹಿಡಿದು ಕರೆಯಲು ತಮ್ಮದೆನ್ನುವ ಒಂದು ಜೀವ ಇರಲಿಲ್ಲ. ನಿಮ್ಮ ಮಗ ಅಜ್ಜಿಯ ಮಡಿಲಲ್ಲಿ ಬೆಳೆದಿದ್ದಾನೆ. ಆ ಹೋಲಿಕೆ ಅವನಿಗೆ ಸಲ್ಲದು. ಅಜ್ಜಿಯೊಡನೆ ವಾರಕ್ಕೊಮ್ಮೆಯಾದರೂ ಅವನು ಫೋನಿನಲ್ಲಿ ಮಾತಾಡಲಿ. ನಿಮ್ಮ ಬಳಿ ಬಂದದ್ದಕ್ಕಾಗಿ ಅವನು ಅವರನ್ನು ಕಳೆದುಕೊಳ್ಳಬಾರದು.

ಪ್ರಶ್ನೆ: ನನ್ನ ಕೇಂದ್ರದಲ್ಲಿ 28 ಮಕ್ಕಳಿದ್ದಾರೆ. ತೂಕ, ಎತ್ತರ, ಮೊಬೈಲಿನಲ್ಲಿ ದಾಖಲೆ, ಮನೆ ಭೇಟಿ, ಸಮೀಕ್ಷೆ, ಗರ್ಭಿಣಿಯರ ಊಟ, ಇವುಗಳಲ್ಲೇ ದಿನ ಮುಗಿಯುತ್ತದೆ. ಪಾಠ ಮಾಡುತ್ತಿಲ್ಲ ಎಂದು ಊರವರು ಬೈಯುತ್ತಾರೆ. ನಮ್ಮ ಕೆಲಸದಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಆಗುತ್ತದೆಯೇ?
(ಒಬ್ಬ ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು)

ಉತ್ತರ: ಆಗುತ್ತದೆ, ಸಹೋದರಿ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ನಿಮ್ಮಂಥವರು ಬಡಿಸಿದ ಊಟ ವ್ಯರ್ಥವಾಗಿಲ್ಲ ಎಂಬುದಕ್ಕೆ ಪಕ್ಕದ ಹೈದರಾಬಾದ್ ಸುತ್ತಲಿನ 29 ಹಳ್ಳಿಗಳಲ್ಲಿ ಪುರಾವೆ ಇದೆ. 1987ರಿಂದ 1990ರವರೆಗೆ ಅವುಗಳಲ್ಲಿ 15 ಹಳ್ಳಿಗಳ ಗರ್ಭಿಣಿಯರಿಗೆ ಮತ್ತು ಪುಟ್ಟ ಮಕ್ಕಳಿಗೆ ಪೂರಕ ಆಹಾರ ಸಿಕ್ಕಿತ್ತು. ಉಳಿದ 14ರಲ್ಲಿ ಯೋಜನೆ ಇನ್ನೂ ಬಂದಿರಲಿಲ್ಲ. ಆ ಮಕ್ಕಳು 13ರಿಂದ 18 ವರ್ಷದವರಾದಾಗ ಅಳೆದು ನೋಡಿದರೆ, ಆಹಾರ ಸಿಕ್ಕ ಹಳ್ಳಿಗಳ ಮಕ್ಕಳು ಉಳಿದ ಹಳ್ಳಿಗಳವರಿಗಿಂತ ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು. ಮುಂದೆ ಸಕ್ಕರೆ ಕಾಯಿಲೆ, ಹೃದ್ರೋಗ ಬರುವ ಸೂಚನೆಗಳೂ ಅವರಲ್ಲಿ ಕಡಿಮೆ ಇದ್ದವು. ಗ್ವಾಟೆಮಾಲಾ ದೇಶದ ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಪೌಷ್ಟಿಕ ಗಂಜಿ ಕುಡಿದ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದಾಗ, ಎರಡು ವರ್ಷದೊಳಗೆ ಅದನ್ನು ಪಡೆದಿದ್ದ ಗಂಡಸರ ಗಂಟೆಯ ಸಂಪಾದನೆ, ಪಡೆಯದವರಿಗಿಂತ ಸರಾಸರಿ ಶೇ 46ರಷ್ಟು ಹೆಚ್ಚಿತ್ತು.

ಪಾಠಕ್ಕೆ ಹೊತ್ತೇ ಸಿಗುವುದಿಲ್ಲ ಎಂಬ ನಿಮ್ಮ ಮಾತಂತೂ ನೂರಕ್ಕೆ ನೂರು ನಿಜ, ಮತ್ತು ಅದು ನಿಮ್ಮ ತಪ್ಪಲ್ಲ. ತಮಿಳುನಾಡಿನ 640 ಅಂಗನವಾಡಿಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಅರ್ಧದಷ್ಟು ಕೇಂದ್ರಗಳಿಗೆ, ಮಕ್ಕಳ ಕಲಿಕೆಯನ್ನೇ ನೋಡಿಕೊಳ್ಳಲು ಅರ್ಧ ದಿನ ದುಡಿಯುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಕೆಯ ಹೊತ್ತು ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳ ಭಾಷೆ, ಲೆಕ್ಕ ಎರಡೂ ಸುಧಾರಿಸಿದವು. ಮೊದಲಿನ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣವೂ ಇಳಿಯಿತು. ಒಬ್ಬರ ಮೇಲೆ ಇಬ್ಬರ ಕೆಲಸ ಹೊರಿಸಿ ಫಲ ಬರಲಿಲ್ಲವೆನ್ನುವುದು ಅನ್ಯಾಯ. ನಿಮ್ಮ ಸಂಘದ ಮನವಿಯಲ್ಲಿ ಈ ಅಧ್ಯಯನವನ್ನು ಸೇರಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಆ ಇನ್ನೊಬ್ಬರು ಬರುವವರೆಗೆ ಏನು ಮಾಡುವುದು? ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ 1986ರ ಹೊತ್ತಿಗೆ ಸ್ಯಾಲಿ ಗ್ರಂಥಾಮ್ ಮ್ಯಾಕ್‌ಗ್ರೆಗರ್ ಮತ್ತು ಸೂಸನ್ ವಾಕರ್ ಅವರ ತಂಡ, ಬೆಳವಣಿಗೆ ಕುಂಠಿತವಾಗಿದ್ದ 129 ಕಂದಮ್ಮಗಳೊಂದಿಗೆ ಕೆಲಸ ಮಾಡಿತು. ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಸಹಾಯಕಿಯರು ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮನೆಗೆ ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಪ್ಲಾಸ್ಟಿಕ್ ಬಾಟಲಿ, ರಟ್ಟು, ಮುಚ್ಚಳಗಳಿಂದ ಮಾಡಿದ ಆಟಿಕೆಗಳಿಂದ ತಾಯಿ ಮಗುವಿನೊಡನೆ ಹೇಗೆ ಆಡಬೇಕು, ಆಡುತ್ತ ಏನು ಮಾತಾಡಬೇಕು ಎಂದು ತೋರಿಸಿಕೊಟ್ಟರು. ಆಟಿಕೆಯನ್ನು ಅಲ್ಲೇ ಬಿಟ್ಟು ಬಂದು, ಮುಂದಿನ ವಾರ ಬೇರೊಂದು ಕೊಟ್ಟು ಹಳೆಯದನ್ನು ತರುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಸಂಪಾದನೆ, ಹೋಲಿಕೆಯ ಗುಂಪಿಗಿಂತ ಶೇ 25ರಷ್ಟು ಹೆಚ್ಚಿತ್ತು.

ಇಲ್ಲಿ ಪಾಠ ಮಾಡಿದವರು ತಾಯಂದಿರೇ. ಮನೆ ಭೇಟಿ ನಿಮ್ಮ ಕೆಲಸದಲ್ಲಿ ಈಗಾಗಲೇ ಇದೆ, ಹೇಗೂ ಹೋಗುತ್ತೀರಿ. ತೂಕ ಬರೆದುಕೊಂಡ ಮೇಲೆ ಹತ್ತು ನಿಮಿಷ, ಕೈಚೀಲದಲ್ಲಿ ಒಂದೆರಡು ಆಟಿಕೆ ಇಟ್ಟುಕೊಂಡು ತಾಯಿಯ ಎದುರೇ ಮಗುವಿನೊಡನೆ ಆಡಿ ತೋರಿಸಿ, ಅಲ್ಲೇ ಬಿಟ್ಟು ಬನ್ನಿ. ಮುಂದಿನ ತಾಯಂದಿರ ಸಭೆಗೆ ಪ್ರತಿಯೊಬ್ಬರೂ ಒಂದು ಖಾಲಿ ಡಬ್ಬಿ, ನಾಲ್ಕು ಮುಚ್ಚಳ, ಒಂದು ಹಿಡಿ ಹುಣಸೆಬೀಜ ತರಲಿ ಎಂದು ಹೇಳಿಕಳುಹಿಸಿ. ಡಬ್ಬಿಯ ಮುಚ್ಚಳದಲ್ಲಿ ಬೀಜ ಹೋಗುವಷ್ಟು ತೂತು ಮಾಡಿದರೆ ಮೂರು ವರ್ಷದ ಮಗು ಒಂದೊಂದಾಗಿ ಒಳಗೆ ಹಾಕುತ್ತ ಎಣಿಸಬಹುದು. ಅಲ್ಲಾಡಿಸಿದರೆ ಅದೇ ಗಿಲಕಿಯಾಗುತ್ತದೆ. ಮೂರು ವರ್ಷದೊಳಗಿನ ಮಗು ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳಬಹುದು; ಅಂಥ ಮಕ್ಕಳಿರುವ ಮನೆಗೆ ದೊಡ್ಡ ಮುಚ್ಚಳಗಳನ್ನಷ್ಟೇ ಕೊಡಿ.